ಮಗು ಒಂದು, ನೆರವು ಹತ್ತು ಕಡೆಯಿಂದ: ಓದುಗರ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಕೊರಗಿನವು. ಶಾಲೆಯಲ್ಲಿ ಸ್ಪೆಷಲ್ ಟೀಚರ್ ಇದ್ದಾರೆ, ಕೌನ್ಸೆಲರ್ ಇದ್ದಾರೆ, ಸ್ಪೀಚ್ ಥೆರಪಿಸ್ಟ್ ಬರುತ್ತಾರೆ, ಆದರೂ ಮಗುವಿಗೆ ಆ ನೆರವು ಮುಟ್ಟುತ್ತಿಲ್ಲ ಅನ್ನೋದು. ಕೋಆರ್ಡಿನೇಟರ್, ಕ್ಲಾಸ್ ಟೀಚರ್, ತಂದೆ, ತಾಯಿ ಎಲ್ಲರೂ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದವರೇ ಜಾಸ್ತಿ, ಹಾಗಾಗಿ ಯಾರ ಹೆಸರೂ ಹಾಕಿಲ್ಲ.

ಪ್ರಶ್ನೆ: ಮೇಡಂ, ಇಷ್ಟು ದಿನ ಗಣಿತ ಪಾಠ ಮಾಡಿಕೊಂಡಿದ್ದೆ. ಈ ವರ್ಷ ಇದ್ದಕ್ಕಿದ್ದಂತೆ ನನ್ನನ್ನು ವಿಶೇಷ ಶಿಕ್ಷಣದ ಕೋಆರ್ಡಿನೇಟರ್ ಮಾಡಿದ್ದಾರೆ. ಕಪಾಟಿನ ತುಂಬ ಫೈಲುಗಳು. ಥೆರಪಿಸ್ಟ್‌ಗಳು ಬರುತ್ತಾರೆ, ಹೋಗುತ್ತಾರೆ. ಯಾರು ಯಾವ ಮಗುವಿಗೆ ಏನು ಮಾಡುತ್ತಿದ್ದಾರೆ ಅನ್ನೋದೇ ತಿಳಿಯುತ್ತಿಲ್ಲ. ಎಲ್ಲಿಂದ ಶುರು ಮಾಡಲಿ?

ಉತ್ತರ: ಫೈಲುಗಳಿಂದ ಬೇಡ. ಅವನ್ನು ಓದೋಕೆ ಕೂತರೆ ದಿನಗಳು ಅಲ್ಲೇ ಕಳೆದುಹೋಗುತ್ತವೆ. ಮೊದಲು ಒಂದು ದೊಡ್ಡ ಹಾಳೆ ತಗೊಳ್ಳಿ. ಮಕ್ಕಳ ಹೆಸರು ಬರೆದು ಪ್ರತಿ ಹೆಸರಿನ ಮುಂದೆ ನಾಲ್ಕು ವಿಷಯ ತುಂಬಿ: ಈ ಮಗುವಿಗೆ ಏನು ನೆರವು ಕೊಡಬೇಕು ಎಂದು ಕಾಗದದಲ್ಲಿದೆ, ಕೊಡುವವರು ಯಾರು, ಯಾವ ದಿನ ಎಷ್ಟು ಹೊತ್ತಿಗೆ, ಮತ್ತು ಆ ಹೊತ್ತಿನಲ್ಲಿ ಮಗುವಿಗೆ ಯಾವ ಪಾಠ ತಪ್ಪುತ್ತದೆ. ಈ ಕೊನೆಯ ಕಾಲಂ ತುಂಬುವಾಗಲೇ ನಿಮಗೆ ಅರ್ಧ ಕೆಲಸ ಕಣ್ಣಿಗೆ ಬೀಳುತ್ತದೆ. ಓದೋಕೆ ಕಷ್ಟಪಡುವ ಮಗುವನ್ನು ಭಾಷೆಯ ಪೀರಿಯಡ್ಡಿನಲ್ಲೇ ಹೊರಗೆ ಕರೆದುಕೊಂಡು ಹೋಗಿ ಓದು ಕಲಿಸುತ್ತಿರುತ್ತಾರೆ, ವಾಪಸ್ ಬಂದಾಗ ಕ್ಲಾಸಿನಲ್ಲಿ ಎರಡು ಪಾಠ ಮುಂದೆ ಹೋಗಿರುತ್ತದೆ. ಇಲ್ಲವೇ ಅದಕ್ಕೆ ಖುಷಿ ಕೊಡುವ ಒಂದೇ ಒಂದು ಡ್ರಾಯಿಂಗ್ ಅಥವಾ ಆಟದ ಪೀರಿಯಡ್ಡನ್ನು ಪ್ರತಿ ವಾರ ಥೆರಪಿ ನುಂಗಿರುತ್ತದೆ. ಯಾರೂ ಬೇಕಂತ ಮಾಡಿದ್ದಲ್ಲ. ಥೆರಪಿಸ್ಟ್ ತಮಗೆ ಬಿಡುವಿರುವ ಹೊತ್ತು ಹೇಳಿದರು, ಟೈಮ್‌ಟೇಬಲ್ ಆಗಲೇ ಆಗಿಹೋಗಿತ್ತು, ಅಷ್ಟೇ. ಅದಕ್ಕೇ ಮುಂದಿನ ಸಲ ಟೈಮ್‌ಟೇಬಲ್ ಹಾಕುವವರ ಜೊತೆ ನೀವೂ ಕೂರಿ. ನೆರವಿನ ಪೀರಿಯಡ್‌ಗಳನ್ನು ಮೊದಲು ಕೂರಿಸಿ, ಉಳಿದದ್ದನ್ನು ಆಮೇಲೆ ತುಂಬಲಿ. ಈ ಒಂದು ಜಾಗದಲ್ಲಿ ಮಾತ್ರ ನೀವು ಹಟ ಹಿಡಿಯಲೇಬೇಕು.

ಕಾಗದದಲ್ಲಿ ಇದ್ದು ನಿಜವಾಗಿ ನಡೆಯದೇ ಇರುವುದೂ ಈ ಪಟ್ಟಿಯಲ್ಲಿ ಹೊರಬರುತ್ತದೆ. ಅದನ್ನು ಮುಚ್ಚಿಡಬೇಡಿ. ಪ್ರಿನ್ಸಿಪಾಲರಿಗೆ ತೋರಿಸಿ, ತಂದೆ ತಾಯಿಗೂ ಹೇಳಿ.

ಆಮೇಲೆ ಪ್ರತಿ ಮಗುವಿಗೆ ಒಂದೇ ಒಂದು ಪುಟ ಮಾಡಿ. ಇಪ್ಪತ್ತು ಪುಟದ ವರದಿ ನಿಮ್ಮ ಕಪಾಟಿಗೆ ಇರಲಿ, ವಿಜ್ಞಾನದ ಟೀಚರ್‌ಗೆ ಬೇಕಾದ್ದು ಈ ಒಂದು ಪುಟ. ಮಗುವಿಗೆ ಏನು ಚೆನ್ನಾಗಿ ಬರುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ, ಆಗ ಏನು ಮಾಡಬೇಕು, ಏನು ಮಾಡಲೇಬಾರದು, ತೊಂದರೆಯಾದರೆ ಯಾರಿಗೆ ಹೇಳಬೇಕು. ಅದರಲ್ಲಿ ಸುಮ್ನೆ 'ಡಿಸ್ಲೆಕ್ಸಿಯಾ' (ಓದು ಬರಹದ ಕಲಿಕೆ ತೊಂದರೆ) ಎಂದು ಬರೆದರೆ ಟೀಚರ್‌ಗೆ ಏನೂ ಸಿಗುವುದಿಲ್ಲ. 'ಬೋರ್ಡ್ ನೋಡಿ ನಕಲು ಮಾಡೋಕೆ ತುಂಬ ಹೊತ್ತು ಬೇಕು, ನೋಟ್ಸ್ ಪ್ರಿಂಟ್ ಕೊಡಿ, ಎಲ್ಲರ ಮುಂದೆ ಗಟ್ಟಿಯಾಗಿ ಓದಿಸಬೇಡಿ, ಬಾಯಲ್ಲಿ ಕೇಳಿದರೆ ಚೆನ್ನಾಗಿ ಉತ್ತರ ಹೇಳುತ್ತಾಳೆ' ಎಂದು ಬರೆದರೆ ನಾಳೆ ಬೆಳಗ್ಗೆಯೇ ಕೆಲಸಕ್ಕೆ ಬರುತ್ತದೆ. ಟೀಚರ್ ರಜೆಯಲ್ಲಿದ್ದು ಬೇರೆಯವರು ಕ್ಲಾಸಿಗೆ ಬಂದ ದಿನವೇ ಮಕ್ಕಳಿಗೆ ಜಾಸ್ತಿ ಕಷ್ಟವಾಗುವುದು. ಅವರಿಗೂ ಈ ಪುಟ ಕೈಗೆ ಸಿಗುವ ಹಾಗೆ ಇಡಿ.

ಗುಟ್ಟಿನ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮನೆಯ ತಾಪತ್ರಯ, ಮಾನಸಿಕ ತಜ್ಞರ ಟಿಪ್ಪಣಿ, ಐಕ್ಯೂ ಅಂಕಿ, ಇವು ಸ್ಟಾಫ್ ರೂಮಿನಲ್ಲಿ ಓಡಾಡಬಾರದು. ಆದರೆ ಮಗುವಿಗೆ ಫಿಟ್ಸ್ ಬರುತ್ತದೆ, ಬಂದಾಗ ಬಾಯಿಗೆ ಏನೂ ಇಡಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಐದು ನಿಮಿಷ ದಾಟಿದರೆ ತುರ್ತು ನೆರವು ಕರೆಯಬೇಕು ಅನ್ನೋದು ಆಟದ ಮೇಷ್ಟ್ರಿಗೂ, ಬಸ್ ಡ್ರೈವರ್‌ಗೂ ಗೊತ್ತಿರಲೇಬೇಕು. ಮನೆಯವರ ಒಪ್ಪಿಗೆ ತಗೊಂಡು ಹೇಳಿ.

ಕೊನೆಗೊಂದು ಮಾತು. ಎಲ್ಲ ಮಕ್ಕಳಿಗೂ ನೀವೇ ಪಾಠ ಮಾಡೋಕೆ ಹೋಗಬೇಡಿ. ಇಂಗ್ಲೆಂಡಿನಲ್ಲಿ ನಿಮ್ಮಂಥ ಕೋಆರ್ಡಿನೇಟರ್ ಕೆಲಸ ವಿಶೇಷ ಶಿಕ್ಷಣದ 1994ರ ನಿಯಮಾವಳಿಯಿಂದ ಎಲ್ಲ ಶಾಲೆಗಳಿಗೂ ಹರಡಿತು. ಅಲ್ಲಿನ 2015ರ ನಿಯಮಾವಳಿ ಒಂದು ವಿಷಯ ಸ್ಪಷ್ಟವಾಗಿ ಹೇಳುತ್ತದೆ: ಸಹಾಯಕರಿಂದ, ತಜ್ಞರಿಂದ ನೆರವು ಪಡೆಯುತ್ತಿದ್ದರೂ ಮಗುವಿನ ಕಲಿಕೆಗೆ ಜವಾಬ್ದಾರರು ಅದರ ಕ್ಲಾಸಿನ ಶಿಕ್ಷಕರೇ. ನೀವು ಯಾವ ಊರಿನ ಶಾಲೆಯಲ್ಲಿದ್ದರೂ ಇದನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಒಬ್ಬರಿಗೆ ಗೊತ್ತಿರುವುದು ಇನ್ನೊಬ್ಬರಿಗೆ ಮುಟ್ಟುವಂತೆ ಮಾಡುವುದು ನಿಮ್ಮ ಕೆಲಸ. ಮಗುವನ್ನು ಕ್ಲಾಸ್ ಟೀಚರ್ ಕೈಯಿಂದ ತೆಗೆದುಕೊಳ್ಳುವುದು ಅಲ್ಲ.

ಪ್ರಶ್ನೆ: ನನ್ನ ಕ್ಲಾಸಿನಲ್ಲಿ ನಲವತ್ತು ಮಕ್ಕಳು. ಅದರಲ್ಲಿ ಮೂವರಿಗೆ ವಿಶೇಷ ನೆರವು ಬೇಕು. ಸ್ಪೆಷಲ್ ಟೀಚರ್ ಇದ್ದಾರಲ್ಲ, ನಾನೂ ಯಾಕೆ ಮಾಡಬೇಕು? ಸಿಟ್ಟಿನಿಂದ ಕೇಳುತ್ತಿಲ್ಲ, ನಿಜವಾಗಿ ಕೈಲಾಗುತ್ತಿಲ್ಲ.

ಉತ್ತರ: ನಿಮ್ಮ ಕಷ್ಟ ನಿಜ. ಅದನ್ನು ಕಡಿಮೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ಆದರೆ ಲೆಕ್ಕ ನೋಡಿ. ಸ್ಪೆಷಲ್ ಟೀಚರ್ ಹತ್ತಿರ ಮಗು ವಾರಕ್ಕೆ ಎರಡೋ ಮೂರೋ ಗಂಟೆ ಇರುತ್ತದೆ, ಉಳಿದ ಅಷ್ಟೂ ಹೊತ್ತು ನಿಮ್ಮೆದುರಿಗೇ ಇರುತ್ತದೆ ಅಲ್ವಾ? ಆ ಹೊತ್ತು ಸುಮ್ನೆ ಹೋದರೆ ಆ ಎರಡು ಗಂಟೆ ಏನನ್ನೂ ಎತ್ತಿ ನಿಲ್ಲಿಸುವುದಿಲ್ಲ.

ಮೂವರಿಗಾಗಿ ಮೂರು ಪಾಠ ತಯಾರು ಮಾಡಿ ಎಂದು ನಾನು ಹೇಳುವುದಿಲ್ಲ. ಎಲ್ಲರಿಗೂ ಮಾಡುವ ಪಾಠದಲ್ಲೇ ಸ್ವಲ್ಪ ಬದಲಾವಣೆ ಸಾಕು. ಬಾಯಲ್ಲಿ ಹೇಳಿದ ಸೂಚನೆಯನ್ನು ಬೋರ್ಡಿನ ಮೂಲೆಯಲ್ಲೂ ಬರೆಯಿರಿ. ಒಂದು ಸಲಕ್ಕೆ ಒಂದೇ ಸೂಚನೆ ಕೊಡಿ. ಬೋರ್ಡಿನ ಕಡೆ ತಿರುಗಿಕೊಂಡು ಮಾತಾಡಬೇಡಿ, ಕಿವಿ ಸರಿಯಾಗಿ ಕೇಳದ ಮಗು ನಿಮ್ಮ ತುಟಿ ನೋಡುತ್ತಿರುತ್ತದೆ. ಪ್ರಶ್ನೆ ಕೇಳಿದ ಮೇಲೆ ಕಾಯಿರಿ. ಈ ಕಾಯುವ ವಿಷಯ ಚಿಕ್ಕದಾಗಿ ಕಾಣುತ್ತದೆ, ಆದರೆ ಅಮೆರಿಕದ ಮೇರಿ ಬಡ್ ರೋ ಎಂಬ ಸಂಶೋಧಕಿ 1970ರ ದಶಕದಲ್ಲಿ ತರಗತಿಗಳ ಧ್ವನಿಮುದ್ರಣ ಕೇಳಿ ನೋಡಿದಾಗ, ಟೀಚರ್‌ಗಳು ಪ್ರಶ್ನೆ ಕೇಳಿ ಸರಾಸರಿ 1 ಸೆಕೆಂಡಿನಷ್ಟೇ ಕಾಯುತ್ತಿದ್ದರು. ಅದನ್ನು 3 ಸೆಕೆಂಡಿಗೆ ಹೆಚ್ಚಿಸಿದಾಗ ಮಕ್ಕಳ ಉತ್ತರ ಉದ್ದವಾಯಿತು, ಮೊದಲು ಬಾಯಿ ಬಿಡದ ಮಕ್ಕಳೂ ಮಾತಾಡಿದರು. ಇದಕ್ಕೆ ದುಡ್ಡೂ ಬೇಡ, ಸ್ಪೆಷಲ್ ಟೀಚರೂ ಬೇಡ.

ಒಂದು ವ್ಯತ್ಯಾಸ ಮನಸ್ಸಿನಲ್ಲಿರಲಿ. ದೊಡ್ಡ ಅಕ್ಷರದ ಪ್ರಶ್ನೆಪತ್ರಿಕೆ, ಹೆಚ್ಚು ಸಮಯ, ಬರೆದುಕೊಡುವವರು, ಇವೆಲ್ಲ ಅನುಕೂಲಗಳು. ಮಗು ಕಲಿಯುವ ಪಾಠ ಅದೇ ಇರುತ್ತದೆ. ಇವನ್ನು ಕೊಡೋಕೆ ಹಿಂದೆಮುಂದೆ ನೋಡಬೇಡಿ, ಇದು ಬೇರೆ ಮಕ್ಕಳಿಗೆ ಮಾಡುವ ಅನ್ಯಾಯ ಖಂಡಿತ ಅಲ್ಲ. ಆದರೆ ಪಾಠವನ್ನೇ ಕಡಿಮೆ ಮಾಡುವುದು, ಉಳಿದವರು ಭಿನ್ನರಾಶಿ ಮಾಡುವಾಗ ಇವನಿಗೆ ಬರೀ ಕೂಡುವ ಲೆಕ್ಕ ಕೊಡುವುದು, ಇದು ದೊಡ್ಡ ತೀರ್ಮಾನ. ಇದನ್ನು ನೀವೊಬ್ಬರೇ ಮಾಡಬೇಡಿ. ಕೋಆರ್ಡಿನೇಟರ್ ಮತ್ತು ತಂದೆ ತಾಯಿ ಜೊತೆ ಕೂತು ಮಾಡಿ, ಬರೆದಿಡಿ. ಕರುಣೆಯಿಂದ ಪಾಠ ಇಳಿಸುತ್ತಾ ಹೋಗಿ, ಕೆಲವು ವರ್ಷ ಕಳೆದ ಮೇಲೆ ಆ ಮಗುವಿಗೆ ಯಾವ ಪರೀಕ್ಷೆಯೂ ಉಳಿಯದ ಹಾಗಾಗುವುದನ್ನು ನಾನು ನೋಡಿದ್ದೇನೆ.

ಮತ್ತೆ, ಕೋಆರ್ಡಿನೇಟರ್ ಹತ್ತಿರ ನೀವು ಕೇಳಿ ಪಡೆಯಬೇಕಾದ್ದು ಒಂದಿದೆ: ಸ್ಪೆಷಲ್ ಟೀಚರ್‌ಗೂ ನಿಮಗೂ ಒಟ್ಟಿಗೆ ಬಿಡುವಿರುವ ಒಂದು ಪೀರಿಯಡ್, ವಾರಕ್ಕೊಮ್ಮೆ, ಟೈಮ್‌ಟೇಬಲ್ಲಿನಲ್ಲಿ ಹಾಕಿದ್ದು. ಕಾರಿಡಾರಿನಲ್ಲಿ ನಿಂತು ಎರಡು ಮಾತಾಡುವುದನ್ನು ಯೋಜನೆ ಅನ್ನೋಕಾಗಲ್ಲ.

ಪ್ರಶ್ನೆ: ನನ್ನ ಮಗನಿಗೆ ಆಟಿಸಂ. ಶಾಲೆಯವರು ದಿನವಿಡೀ ಜೊತೆಗಿರುವ ಶ್ಯಾಡೋ ಟೀಚರ್ ಕೊಟ್ಟಿದ್ದಾರೆ. ಮೊದಲು ತುಂಬ ಖುಷಿಯಾಯಿತು. ಈಗ ನೋಡಿದರೆ ಅವರಿಲ್ಲದೆ ಅವನು ಪೆನ್ಸಿಲ್ ಕೂಡ ತೆಗೆಯುವುದಿಲ್ಲ. ಒಬ್ಬ ಗೆಳೆಯನೂ ಇಲ್ಲ. ಕ್ಲಾಸ್ ಟೀಚರ್ ಅವನ ಬಗ್ಗೆ ಏನು ಕೇಳಿದರೂ "ಅವರನ್ನೇ ಕೇಳಿ" ಅನ್ನುತ್ತಾರೆ. ಶ್ಯಾಡೋ ಬೇಡ ಅಂದರೆ ಇರುವ ನೆರವೂ ಹೋದೀತು ಅಂತ ಭಯ.

ಉತ್ತರ: ನಿಮಗೆ ಅನ್ನಿಸಿದ್ದು ಸರಿಯಾಗಿದೆ ತಾಯಿ. ಇದು ನಿಮ್ಮ ಮಗನೊಬ್ಬನ ಕಥೆಯಲ್ಲ. ಅಮೆರಿಕದಲ್ಲಿ ಮೈಕೆಲ್ ಜಿಯಾಂಗ್ರೆಕೊ ಮತ್ತು ಜೊತೆಗಾರರು 1997ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ನೀವು ಬರೆದದ್ದೇ ಇದೆ: ಸಹಾಯಕರು ಸದಾ ಪಕ್ಕದಲ್ಲೇ ಇದ್ದಾಗ ಮಗು ದೊಡ್ಡವರ ಮೇಲೆ ಅವಲಂಬಿಸುತ್ತದೆ, ಜೊತೆಯ ಮಕ್ಕಳಿಂದ ದೂರವಾಗುತ್ತದೆ, ಕ್ಲಾಸ್ ಟೀಚರ್ ತನ್ನ ಜವಾಬ್ದಾರಿ ಬಿಟ್ಟುಕೊಡುತ್ತಾರೆ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಪೀಟರ್ ಬ್ಲ್ಯಾಚ್‌ಫರ್ಡ್ ತಂಡ 2003ರಲ್ಲಿ ಶುರು ಮಾಡಿದ ದೊಡ್ಡ ಅಧ್ಯಯನದಲ್ಲೂ ಸಹಾಯಕರ ನೆರವು ಜಾಸ್ತಿ ಪಡೆದ ಮಕ್ಕಳು ಅವರಂತೆಯೇ ಇದ್ದು ಕಡಿಮೆ ನೆರವು ಪಡೆದವರಿಗಿಂತ ಓದಿನಲ್ಲಿ ಹಿಂದುಳಿದರು. ತಪ್ಪು ಸಹಾಯಕರದ್ದಲ್ಲ ಎಂದು ಆ ತಂಡ ಒತ್ತಿ ಹೇಳಿತು. ಅವರಿಗೆ ತಯಾರಿ ಕೊಟ್ಟಿರಲಿಲ್ಲ, ಟೀಚರ್ ಜೊತೆ ಕೂತು ಮಾತಾಡೋಕೆ ಹೊತ್ತು ಇರಲಿಲ್ಲ, ಕೊಟ್ಟ ಕೆಲಸ ಮುಗಿಸುವುದರ ಮೇಲೇ ಅವರ ಗಮನ ಇತ್ತು. ನಿಮ್ಮ ಮಗನ ಶ್ಯಾಡೋ ಟೀಚರ್ ಕೂಡ ಒಳ್ಳೆ ಮನಸ್ಸಿನಿಂದಲೇ ಪೆನ್ಸಿಲ್ ತೆಗೆದುಕೊಡುತ್ತಿರಬಹುದು.

ಹಾಗಾಗಿ "ಶ್ಯಾಡೋ ಬೇಡ" ಎಂದು ಹೋಗಬೇಡಿ. "ಯಾವ ಹೊತ್ತಿನಲ್ಲಿ ಬೇಕು, ಯಾವ ಹೊತ್ತಿನಲ್ಲಿ ಬೇಡ, ಕೂತು ನೋಡೋಣ" ಎಂದು ಕೋಆರ್ಡಿನೇಟರ್ ಹತ್ತಿರ ಕೇಳಿ. ದಿನವನ್ನು ಪೀರಿಯಡ್ ಪೀರಿಯಡ್ ಬಿಡಿಸಿ. ಗದ್ದಲದ ಪ್ರಾರ್ಥನೆ ಹೊತ್ತು, ಕ್ಲಾಸ್ ಬದಲಿಸುವ ಹೊತ್ತು, ಇಲ್ಲಿ ಬೇಕಾಗಬಹುದು. ಅವನಿಗೆ ಇಷ್ಟವಿರುವ ಗಣಿತದಲ್ಲಿ ಬೇಕಾಗಿಲ್ಲದೇ ಇರಬಹುದು. ಊಟದ ಹೊತ್ತಿನಲ್ಲಿ ದೊಡ್ಡವರು ಪಕ್ಕದಲ್ಲಿ ಕೂತರೆ ಬೇರೆ ಮಕ್ಕಳು ಹತ್ತಿರ ಬರುವುದಿಲ್ಲ. ಅಲ್ಲಿ ದೂರ ನಿಂತು ನೋಡಿಕೊಂಡರೆ ಸಾಕು.

ಕೂರುವ ಜಾಗ ಬದಲಿಸಿ ಅನ್ನಿ. ಅವನ ಪಕ್ಕದಲ್ಲಿ ಒಬ್ಬ ಹುಡುಗನೋ ಹುಡುಗಿಯೋ ಕೂರಲಿ, ಸಹಾಯಕರು ಕ್ಲಾಸಿನ ತುಂಬ ಓಡಾಡಿಕೊಂಡು ಎಲ್ಲರಿಗೂ ನೆರವಾಗಲಿ. ಆ ಹೊತ್ತಿನಲ್ಲಿ ಕ್ಲಾಸ್ ಟೀಚರೇ ನಿಮ್ಮ ಮಗನ ಹತ್ತಿರ ಬಂದು ಮಾತಾಡಲಿ. ನೆರವು ಕೊಡುವುದಕ್ಕೂ ಒಂದು ಕ್ರಮ ಇದೆ: ಮೊದಲು ಕಾಯುವುದು, ಆಮೇಲೆ ಕೈಸನ್ನೆ ಅಥವಾ ಚಿತ್ರ, ಆಮೇಲೆ ಒಂದು ಸುಳಿವು, ಆಮೇಲೆ ಮಾಡಿ ತೋರಿಸುವುದು, ಇದ್ಯಾವುದೂ ಆಗದಿದ್ದರೆ ಜೊತೆಗೆ ಮಾಡುವುದು. ಅವನಿಗೆ ಈಗ ಕೊನೆಯದೇ ಮೊದಲು ಸಿಗುತ್ತಿದೆ. ಪ್ಲಾನ್‌ನಲ್ಲಿ ನೆರವು ಹೇಗೆ ಹಂತ ಹಂತವಾಗಿ ಕಡಿಮೆಯಾಗಬೇಕು ಅನ್ನೋದೂ ಬರೆದಿರಲಿ, ಕಷ್ಟವಾದರೆ ಮತ್ತೆ ಹೆಚ್ಚಿಸುತ್ತೇವೆ ಅನ್ನೋದೂ ಬರೆದಿರಲಿ. ಆ ಎರಡನೇ ಸಾಲು ಇದ್ದರೆ ನಿಮ್ಮ ಭಯಕ್ಕೆ ಒಂದು ಆಧಾರ ಸಿಗುತ್ತದೆ.

ಪ್ರಶ್ನೆ: ಮಗಳ ಕಲಿಕೆ ತೊಂದರೆ ಪರೀಕ್ಷೆ ಮಾಡಿಸೋಕೆ ದಿನಾಂಕವೇ ಸಿಗುತ್ತಿಲ್ಲ. ವರದಿ ಬರೋವರೆಗೂ ಏನೂ ಮಾಡೋಕಾಗಲ್ಲ ಅನ್ನುತ್ತಾರೆ ಶಾಲೆಯವರು. ಹೌದಾ?

ಉತ್ತರ: ಇಲ್ಲ. ಅವಳಿಗೆ ಓದೋಕೆ ಕಷ್ಟ ಅನ್ನೋದು ಟೀಚರ್ ಕಣ್ಣಿಗೆ ಕಾಣುತ್ತಿದೆ ತಾನೇ? ಕಂಡದ್ದಕ್ಕೆ ನೆರವು ಇವತ್ತೇ ಶುರು ಮಾಡಬಹುದು. ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ. ಎಷ್ಟೋ ಸಲ ಇದನ್ನೇ ಮರೆತಿರುತ್ತಾರೆ. ಆಮೇಲೆ ಆರರಿಂದ ಎಂಟು ವಾರ ಒಂದು ನೆರವು ಕೊಟ್ಟು ನೋಡಲಿ, ವಾರಕ್ಕೊಮ್ಮೆ ಒಂದು ನಿಮಿಷದಲ್ಲಿ ಎಷ್ಟು ಪದ ಸರಿಯಾಗಿ ಓದಿದಳು ಎಂದು ಬರೆದಿಡಲಿ. ನಾಳೆ ತಜ್ಞರಿಗೂ ಇದು ಬೇಕಾಗುವ ಮಾಹಿತಿ. ಆದರೆ "ನೆರವು ಕೊಡುತ್ತಿದ್ದೇವಲ್ಲ, ಪರೀಕ್ಷೆ ಯಾಕೆ" ಎಂದು ಅದನ್ನು ಮುಂದೂಡೋಕೆ ಬಿಡಬೇಡಿ. ಅಮೆರಿಕದ ಶಿಕ್ಷಣ ಇಲಾಖೆ 2011ರಲ್ಲಿ ಇದನ್ನೇ ರಾಜ್ಯಗಳಿಗೆ ಪತ್ರ ಬರೆದು ಹೇಳಬೇಕಾಯಿತು. ಎರಡೂ ಜೊತೆಜೊತೆಗೆ ನಡೆಯಲಿ.

ಪ್ರಶ್ನೆ: ನಮ್ಮ ಶಾಲೆಯಲ್ಲಿ ಒಬ್ಬ ಹುಡುಗ ಪುಸ್ತಕ ಎಸೆಯುತ್ತಾನೆ, ಹೊಡೆಯುತ್ತಾನೆ, ಕ್ಲಾಸಿನಿಂದ ಓಡುತ್ತಾನೆ. ಒಬ್ಬ ಟೀಚರ್ ಹೊರಗೆ ನಿಲ್ಲಿಸುತ್ತಾರೆ, ಇನ್ನೊಬ್ಬರು ಮುದ್ದು ಮಾಡುತ್ತಾರೆ, ಕೌನ್ಸೆಲರ್ ಮಾತಾಡಿಸಿ ಕಳಿಸುತ್ತಾರೆ. ಏನೂ ಬದಲಾಗಿಲ್ಲ. ನಾನು ಅಲ್ಲಿನ ಸ್ಪೆಷಲ್ ಟೀಚರ್.

ಉತ್ತರ: ನಿಮ್ಮ ಪತ್ರದಲ್ಲೇ ಕಾರಣದ ಒಂದು ಭಾಗ ಇದೆ. ಒಬ್ಬೊಬ್ಬರದ್ದು ಒಂದೊಂದು ರೀತಿ ಆದರೆ ಮಗು ಪ್ರತಿ ಪೀರಿಯಡ್ಡಿನಲ್ಲೂ ಹೊಸದಾಗಿ ಪರೀಕ್ಷಿಸಿ ನೋಡಬೇಕಾಗುತ್ತದೆ.

ಎರಡು ವಾರ ಎಲ್ಲರೂ ಒಂದೇ ಚೀಟಿ ತುಂಬಿ. ಆಗುವ ಮೊದಲು ಏನು ನಡೆಯುತ್ತಿತ್ತು, ಅವನು ಏನು ಮಾಡಿದ, ಆದ ಮೇಲೆ ಏನು ಸಿಕ್ಕಿತು. 'ತುಂಟತನ ಮಾಡಿದ', 'ಕೋಪ ಮಾಡಿಕೊಂಡ' ಎಂದು ಬರೆಯಬಾರದು, 'ನಕಲು ಬರೆಯಲು ಹೇಳಿದ ಮೇಲೆ ಪುಸ್ತಕ ನೆಲಕ್ಕೆ ಎಸೆದ, ಹೊರಗೆ ಕಳಿಸಿದೆ' ಎಂದು ಕಂಡದ್ದನ್ನಷ್ಟೇ ಬರೆಯಬೇಕು. ಚೀಟಿಗಳನ್ನು ಜೋಡಿಸಿದಾಗ ಬರೆಯುವ ಕೆಲಸ ಬಂದಾಗಲೇ ಎಸೆಯುತ್ತಾನೆ ಅನ್ನೋದು ಕಂಡರೆ, ಹೊರಗೆ ನಿಲ್ಲಿಸುವುದು ಅವನಿಗೆ ಶಿಕ್ಷೆಯಲ್ಲ, ಬಿಡುಗಡೆ. ಟೀಚರ್ ಶಿಕ್ಷೆ ಅಂದುಕೊಂಡು ಆ ಅಭ್ಯಾಸವನ್ನು ಗಟ್ಟಿ ಮಾಡುತ್ತಿರುತ್ತಾರೆ.

ಎಡ್ವರ್ಡ್ ಕಾರ್ ಮತ್ತು ಮಾರ್ಕ್ ಡ್ಯುರಾಂಡ್ 1985ರಲ್ಲಿ ನಾಲ್ಕು ಮಕ್ಕಳ ಮೇಲೆ ಮಾಡಿದ ಒಂದು ಅಧ್ಯಯನ ಇದೆ, ಈ ಕೆಲಸದಲ್ಲಿರುವ ಎಲ್ಲರಿಗೂ ಗೊತ್ತಿರಬೇಕಾದ್ದು. ಕೆಲಸ ಕಷ್ಟವಾದಾಗ ರಂಪ ಮಾಡುವ ಮಗುವಿಗೆ 'ನನಗೆ ಅರ್ಥ ಆಗುತ್ತಿಲ್ಲ' ಎಂದು ಹೇಳೋಕೆ ಕಲಿಸಿದರು, ಹೇಳಿದ ತಕ್ಷಣ ನೆರವು ಕೊಟ್ಟರು. ದೊಡ್ಡವರ ಗಮನ ಬೇಕಿದ್ದ ಮಗುವಿಗೆ 'ನಾನು ಚೆನ್ನಾಗಿ ಮಾಡುತ್ತಿದ್ದೀನಾ' ಎಂದು ಕೇಳೋಕೆ ಕಲಿಸಿದರು. ರಂಪ ಇಳಿಯಿತು. ಆದರೆ ಕಲಿಸಿದ ಮಾತು ಆ ಮಗುವಿನ ಅಗತ್ಯಕ್ಕೆ ಹೊಂದದಿದ್ದಾಗ ಇಳಿಯಲಿಲ್ಲ. ಹಾಗಾಗಿ ಚೀಟಿ ತುಂಬದೆ ಉಪಾಯ ಹುಡುಕಬೇಡಿ.

ನಿಮ್ಮ ಹುಡುಗನಿಗೆ ಬಿಡುವು ಬೇಕಿದ್ದರೆ, ಕಾರ್ಡ್ ತೋರಿಸಿದರೆ ಎರಡು ನಿಮಿಷ ಬಿಡುವು ಎಂದು ಕಲಿಸಿ. ಅವನು ಕಾರ್ಡ್ ತೋರಿಸಿದಾಗ ಎಲ್ಲ ಟೀಚರ್‌ಗಳೂ, ಪ್ರತಿ ಸಲವೂ ಕೊಡಬೇಕು. "ಈಗ ಬೇಡ, ಆಮೇಲೆ" ಎಂದು ಒಬ್ಬರು ಹೇಳಿದರೂ ಅವನು ಮತ್ತೆ ಪುಸ್ತಕಕ್ಕೇ ಕೈ ಹಾಕುತ್ತಾನೆ, ಯಾಕೆಂದರೆ ಪುಸ್ತಕ ಎಸೆದರೆ ಯಾವತ್ತೂ ಉತ್ತರ ಸಿಗುತ್ತದೆ. ಕಾರ್ಡ್ ರೂಢಿಯಾದ ಮೇಲೆ ನಿಧಾನವಾಗಿ ಕಾಯುವುದನ್ನು ಕಲಿಸಬಹುದು. ಜೊತೆಗೆ ಬರೆಯುವುದು ಯಾಕೆ ಅಷ್ಟು ಕಷ್ಟ ಅನ್ನೋದನ್ನು ಆಕ್ಯುಪೇಷನಲ್ ಥೆರಪಿಸ್ಟ್ (ಬರೆಯುವಂಥ ದಿನನಿತ್ಯದ ಕೆಲಸ ಮಾಡೋಕೆ ನೆರವಾಗುವ ತಜ್ಞರು) ನೋಡಲಿ. ಕೌನ್ಸೆಲರ್ ಬೇರೆ, ಥೆರಪಿಸ್ಟ್ ಬೇರೆ, ನೀವು ಬೇರೆ ಎಂದು ಮೂರು ದಾರಿ ಹಿಡಿಯಬೇಡಿ. ಒಂದೇ ಹಾಳೆಯಲ್ಲಿ ಬರೆದು ಮೂವರೂ ಸಹಿ ಮಾಡಿ.

ಪ್ರಶ್ನೆ: ನಮ್ಮಲ್ಲಿ ಐಇಪಿ, ಅಂದರೆ ಮಗುವಿನ ವೈಯಕ್ತಿಕ ಶಿಕ್ಷಣ ಯೋಜನೆಯ ಮೀಟಿಂಗ್ ಎರಡು ಗಂಟೆ ನಡೆಯುತ್ತದೆ. ಪ್ಲಾನ್ ಫೈಲಿಗೆ ಹೋಗುತ್ತದೆ. ವರ್ಷದ ಕೊನೆಗೆ ಅದೇ ಗುರಿಗಳನ್ನು ಮತ್ತೆ ಬರೆಯುತ್ತೇವೆ. ಬೇಸರವಾಗಿದೆ.

ಉತ್ತರ: ಒಂದೊಂದು ಮಗುವಿಗೂ ಬೇರೆಯಾಗಿ ಬರೆಯುವ ಈ ಪ್ಲಾನ್ 1975ರಲ್ಲಿ ಅಮೆರಿಕದ ಒಂದು ಕಾನೂನಿನಿಂದ ಬಂತು. ಅದಕ್ಕೆ ಮೊದಲು ಅಲ್ಲಿ ಅಂಗವಿಕಲ ಮಕ್ಕಳಲ್ಲಿ ಎಷ್ಟೋ ಜನರಿಗೆ ಶಾಲೆಯ ಬಾಗಿಲೇ ಮುಚ್ಚಿತ್ತು. ಮಗುವಿಗೆ ಕೊಟ್ಟ ಮಾತನ್ನು ಬರೆದು ಕೊಡಿ, ನಡೆಸದಿದ್ದರೆ ಕೇಳಬಹುದು, ಅನ್ನೋದಕ್ಕೆ ಬಂದ ಕಾಗದ ಅದು. ಫೈಲ್ ತುಂಬಿಸೋಕೆ ಅಲ್ಲ.

ಗುರಿ ಬರೆಯುವ ರೀತಿಯಲ್ಲೇ ತೊಂದರೆ ಶುರುವಾಗುತ್ತದೆ. 'ಓದುವ ಸಾಮರ್ಥ್ಯ ಸುಧಾರಿಸುವುದು' ಎಂದು ಬರೆದರೆ ಅದು ಆಯಿತೋ ಇಲ್ಲವೋ ಹೇಳೋಕೆ ಯಾರಿಂದಲೂ ಆಗಲ್ಲ, ಅದಕ್ಕೇ ಮುಂದಿನ ವರ್ಷವೂ ಅದೇ ಬರುತ್ತದೆ. 'ಒತ್ತಕ್ಷರ ಇರುವ ಹತ್ತು ಪದ ಕೊಟ್ಟರೆ ಎಂಟನ್ನು ನೆರವಿಲ್ಲದೆ ಓದುತ್ತಾಳೆ, ಮೊದಲ ಟರ್ಮ್ ಮುಗಿಯುವುದರೊಳಗೆ, ಕಲಿಸುವವರು ಭಾಷಾ ಟೀಚರ್, ನೋಡುವುದು ಪ್ರತಿ ಶುಕ್ರವಾರ' ಎಂದು ಬರೆಯಿರಿ. ಮೂರು ನಾಲ್ಕು ಗುರಿ ಸಾಕು. ಕರಡನ್ನು ಮನೆಯವರಿಗೆ ಮೊದಲೇ ಕಳಿಸಿ, ಮೀಟಿಂಗಿನಲ್ಲಿ ಮೊದಲ ಮಾತು ಅವರದ್ದಾಗಲಿ. ಎಂಟು ಜನ ತಜ್ಞರು ಮಾತಾಡಿ ಮುಗಿಸಿದ ಮೇಲೆ ತಾಯಿಗೆ "ಏನಾದರೂ ಹೇಳೋದಿದೆಯಾ" ಎಂದು ಕೇಳಿದರೆ ಅವರು ಏನು ಹೇಳಿಯಾರು? ಏಳುವ ಮೊದಲು ಯಾರು ಏನು ಯಾವತ್ತಿನೊಳಗೆ ಮಾಡುತ್ತಾರೆ ಎಂದು ಗಟ್ಟಿಯಾಗಿ ಓದಿ. ಮುಂದಿನ ಮೀಟಿಂಗ್ ಆ ಪಟ್ಟಿಯಿಂದಲೇ ಶುರುವಾಗಲಿ.

ಪ್ರಶ್ನೆ: ನನ್ನ ಮಗಳಿಗೆ ಹದಿಮೂರು. ಅವಳ ಮೀಟಿಂಗಿಗೆ ಅವಳನ್ನೂ ಕರೆದುಕೊಂಡು ಹೋಗಬಹುದಾ? ಅವಳಿಗೆ ಕೇಳುವುದು ಕಡಿಮೆ, ಹಿಯರಿಂಗ್ ಏಡ್ ಹಾಕುತ್ತಾಳೆ. ತನ್ನ ಬಗ್ಗೆ ಮಾತಾಡಿದರೆ ನಾಚಿಕೊಳ್ಳುತ್ತಾಳೆ.

ಉತ್ತರ: ಖಂಡಿತ ಹೋಗಬಹುದು, ಹೋಗಲೇಬೇಕು ಅನ್ನೋದು ನನ್ನ ಅಭಿಪ್ರಾಯ. ತನಗೆ ಸಂಬಂಧಿಸಿದ ವಿಷಯದಲ್ಲಿ ಮಗುವಿನ ಮಾತು ಕೇಳಬೇಕು ಎಂದು ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 12ನೇ ವಿಧಿ ಹೇಳುತ್ತದೆ. ಅಂಗವಿಕಲರ ಹಕ್ಕುಗಳ 2006ರ ಒಡಂಬಡಿಕೆಯ 7ನೇ ವಿಧಿ ಅದನ್ನೇ ಈ ಮಕ್ಕಳಿಗಾಗಿ ಇನ್ನೊಮ್ಮೆ ಹೇಳಿ, ಹಾಗೆ ಹೇಳೋಕೆ ಬೇಕಾದ ನೆರವನ್ನೂ ಕೊಡಬೇಕು ಎನ್ನುತ್ತದೆ.

ಪೂರ್ತಿ ಮೀಟಿಂಗ್ ಕೂರಿಸಬೇಡಿ, ಮೊದಲ ಹದಿನೈದು ನಿಮಿಷ ಸಾಕು. ಕೋಣೆ ಗದ್ದಲವಿಲ್ಲದ ಕಡೆ ಇರಲಿ, ಎಲ್ಲರ ಮುಖ ಅವಳಿಗೆ ಕಾಣುವಂತೆ ಕುರ್ಚಿ ಹಾಕಲಿ, ಒಬ್ಬರಾದ ಮೇಲೆ ಒಬ್ಬರು ಮಾತಾಡಲಿ. ಇದನ್ನು ಕೋಆರ್ಡಿನೇಟರ್‌ಗೆ ಮೊದಲೇ ಹೇಳಿಡಿ. ನಾಚಿಕೆ ಇದ್ದರೆ ಮನೆಯಲ್ಲೇ ಬರೆದುಕೊಂಡು ಬರಲಿ, ನೀವೋ ಅವಳ ಇಷ್ಟದ ಟೀಚರೋ ಓದಬಹುದು: ಯಾವ ಪಾಠದಲ್ಲಿ ಕೇಳಿಸುತ್ತದೆ, ಎಲ್ಲಿ ಕೇಳಿಸುವುದಿಲ್ಲ, ಯಾವ ನೆರವು ಇಷ್ಟ, ಯಾವುದನ್ನು ಎಲ್ಲರ ಮುಂದೆ ಮಾಡಿದರೆ ಮುಜುಗರ. ಈ ಕೊನೆಯದನ್ನು ಅವಳಷ್ಟು ಚೆನ್ನಾಗಿ ಯಾವ ತಜ್ಞರೂ ಹೇಳಲಾರರು. ಮೊದಲ ಪ್ರಶ್ನೆಯ ಉತ್ತರದಲ್ಲಿ ಟೀಚರ್‌ಗಳಿಗೆ ಕೊಡುವ ಒಂದು ಪುಟ ಎಂದೆನಲ್ಲ, ಅದು ಅವಳ ಬಗ್ಗೆ ತಯಾರಾದರೆ, ಎಲ್ಲರಿಗೂ ಹಂಚುವ ಮೊದಲು ಅವಳೇ ಓದಿ ತಿದ್ದಲಿ.